ಐದು ಚಿತ್ರಗಳಲ್ಲಿ ಒಂದು ಟಗರು

ಭಾನುವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನನ್ನ ಫೋನು ಹೊಡೆದುಕೊಂಡಿತು. ಅದು ಯಶಸ್ಸಿನ ಕರೆ ಎಂದೇ ನಾನು ತಿಳಿದೆ. ಹಾಸಿಗೆಯಲ್ಲಿ ಎದ್ದು ಕೂತು, ಗಂಟಲು ಸರಿಪಡಿಸಿಕೊಂಡು, ಗೋಕಾಕದ ಒಬ್ಬ ಪದವೀಧರನಿಗೆ ತಕ್ಕ ಗಾಂಭೀರ್ಯದಿಂದ "ಹಲೋ" ಅಂದೆ.

"ನಮಸ್ಕಾರ್ರಿ. ಆ ಮಸಗುಪ್ಪಿ ಟಗರಿನ ಫೋಟೋ ಬಿಟ್ಟಾವ್ರು ನೀವ ಏನ್ರಿ?"

"ನಾನ ರಿ!"

"ಭಾರಿ ಐತಿ ಬಿಡ್ರಿ. ಆದ್ರ ಒಂದ ಟಗರು ಎಲ್ಲಾರಿಗೂ ಸಾಲತೈತೇನ್ರಿ?"

"ಇಡೀ ತಾಲೂಕಿಗೆ ಸಾಲತೈತ್ರಿ!" ಅಂದೆ.

"ಖರೆ ಏನ್ರಿ? ಅಲ್ಲಿ ಕೆಲಸ ಮಾಡಾಕ ಮಂದಿ ಅದಾರಿಲ್ಲೋ? ನಂದೂ ಇದ ಉದ್ಯೋಗ. ನಮ್ಮೂರು ಕಣಗಲಾ. ಇವತ್ತ ಮೂಡಲಗ್ಯಾಗ ಬೀಗರ ಮನ್ಯಾಗ ಅದೇನಿ. ಬೇಕಂದ್ರ ಸಾಮಾನ ತಗೊಂಡ ಬಂದು ಮಾಡಿಕೊಡ್ತೇನಿ."

ತಳಿಶಾಸ್ತ್ರದ ಅನುಭವಿಯೊಬ್ಬ ತಾನಾಗಿಯೇ ನೆರವಿಗೆ ಬರುತ್ತಿದ್ದಾನೆ! ಸಾಮಾನು ಅಂದರೆ ಅಳತೆಪಟ್ಟಿ, ಔಷಧದ ಪೆಟ್ಟಿಗೆ ಇರಬೇಕು. ನಾನು ಉದಾರವಾಗಿ ಹೇಳಿದೆ: "ಬರ್ರಿ, ಬರ್ರಿ. ನಾ ಆ ಮನಿ ಅಳಿಯ. ಅಳಿಯಾರು ಹೇಳ್ಯಾರ ಅನ್ರಿ, ಯಾರೂ ಏನೂ ಅನ್ನೂದಿಲ್ಲ. ನನಗ ಕಾಯಬ್ಯಾಡ್ರಿ. ಸುರು ಮಾಡ್ರಿ."

ಸುರು ಮಾಡ್ರಿ! ಆ ಎರಡು ಶಬ್ದಗಳನ್ನು ಬಾಯೊಳಗೆ ವಾಪಸು ತೆಗೆದುಕೊಳ್ಳಲು ಆಗುವಂತಿದ್ದರೆ ನನ್ನ ಪದವಿ ಪ್ರಮಾಣಪತ್ರವನ್ನು ಯಾರಿಗಾದರೂ ದಾನ ಕೊಟ್ಟುಬಿಡುತ್ತಿದ್ದೆ.

ನಾನು ಗೋಕಾಕದ ಒಂದು ಬ್ಯಾನರ್ ಅಂಗಡಿಯಲ್ಲಿ ವಿನ್ಯಾಸ ಮಾಡುವವನು. ಹುಟ್ಟುಹಬ್ಬದ ಒಂದು ಬ್ಯಾನರಿನಲ್ಲಿ ನಲವತ್ತು ಮುಖಗಳನ್ನು, ಯಾರಿಗೂ ಸಿಟ್ಟು ಬರದ ಹಾಗೆ ಹಿಡಿಸಬಲ್ಲೆ. ಆದರೆ ಕಲಾವಿದನಿಗೆ ಇಷ್ಟೇ ಸಾಕೆ? ಹೋದ ತಿಂಗಳು ಮೊಬೈಲಿನಲ್ಲಿ ಒಂದು ತರಬೇತಿ ನೋಡಿದೆ: ಒಂದೇ ಪೋಸ್ಟಿನಲ್ಲಿ ಸಾಲಾಗಿ ಹಲವು ಚಿತ್ರ ಹಾಕಿ, ಜನ ಬೆರಳಿನಿಂದ ಒಂದೊಂದಾಗಿ ಸರಿಸಿ ನೋಡುವಂತೆ ಮಾಡುವುದು ಹೇಗೆ. ಇದಕ್ಕೆ ಕ್ಯಾರೌಸೆಲ್ ಅನ್ನುತ್ತಾರೆ. ಮೊದಲ ಚಿತ್ರದಲ್ಲಿ ಎಲ್ಲವನ್ನೂ ತೋರಿಸಬಾರದು. ಒಂದು ಚಿತ್ರ ಇನ್ನೊಂದಕ್ಕೆ ಅಂಟಿಕೊಂಡು ಹರಿಯಬೇಕು. ಮುಖ್ಯ ವಿಷಯ ಕೊನೆಗೆ. ನೋಡುವವನ ಹೆಬ್ಬೆರಳು ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು.

ಇಷ್ಟು ಜ್ಞಾನ ಹೊಟ್ಟೆಯಲ್ಲಿ ಕುದಿಯುತ್ತಿದ್ದಾಗ ಮಸಗುಪ್ಪಿಯಿಂದ ಲಕ್ಕವ್ವ ಕಾಕಿ ಫೋನು ಮಾಡಿದರು. ಕಾಕಿ ಅಂದರೆ ನನ್ನ ಹೆಂಡತಿ ರೇಣುಕಾಳ ಚಿಕ್ಕಮ್ಮ. ಅವರೂ ಅವರ ಗಂಡ ಸಿದ್ದಪ್ಪ ಕಾಕಾನೂ ರೇಣುಕಾಳನ್ನು ಸಾಕಿ, ಓದಿಸಿ, ನನಗೆ ಕೊಟ್ಟವರು. ಕುರಿ ಸಾಕುವ ಮನೆ. ಅವರ ಬಳಿ ಹಿರ್ಯಾ ಎಂಬ ಒಂದು ಟಗರು ಇದೆ. ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡ ಅದನ್ನು ಕಾಕಿ ಬಾಟಲಿ ಹಾಲು ಕುಡಿಸಿ, ಅಡುಗೆಮನೆಯ ಮೂಲೆಯಲ್ಲಿ ಮಲಗಿಸಿ ಬೆಳೆಸಿದ್ದರು. ಈಗ ಅದು ಎಮ್ಮೆಯ ಕರುವಿನಷ್ಟು ದೊಡ್ಡದು. "ಸುಮ್ಮನ ತಿಂದು ಕುಂದರ್ತಾನ, ಸಂತಿಗೆ ಹೊಡದ ಬಿಡೂನು" ಅಂತ ಕಾಕಾ ಆಗಾಗ ಅನ್ನುವುದು ಕಾಕಿಯ ಎದೆಗೆ ನಾಟಿತ್ತು.

"ಅಳಿಯಾರ, ಸುತ್ತಲ ಊರಿನವ್ರು ತಳಿಗೆ ಅಂತ ತಮ್ಮ ಕುರಿ ಇವನ ಕಡೆ ಹೊಡಕೊಂಡ ಬಂದ್ರ ನಿಮ್ಮ ಕಾಕಾನ ಬಾಯಿ ಮುಚ್ಚತೈತಿ. ನೀವು ಶಾಣ್ಯಾರು. ಏನರ ಮಾಡಿ ಇವನ್ನ ಉಳಸ್ರಿ."

ಉಳಿಸಿ ಎಂದರು. ನೆನಪಿಡಿ.

ನಾನು ಹಿರ್ಯಾನ ಒಂದು ಉದ್ದನೆಯ ಫೋಟೋ ತೆಗೆದು ಐದು ತುಂಡು ಮಾಡಿದೆ. ಸರಿಸುತ್ತ ಹೋದರೆ ಟಗರು ಮೂತಿಯಿಂದ ಬಾಲದವರೆಗೆ ನದಿಯಂತೆ ಹರಿಯಬೇಕು! ಮೊದಲನೆಯದರಲ್ಲಿ ತಲೆ ಮಾತ್ರ: "ಭಾನುವಾರ ಬೆಳಿಗ್ಗೆ ಮಸಗುಪ್ಪಿಗೆ ಬನ್ನಿ. ತಪ್ಪಿಸಿಕೊಳ್ಳಬೇಡಿ!" ಎರಡನೆಯದರಲ್ಲಿ, "ಆಹಾ, ಎಂಥ ಭುಜ!" ಮೂರನೆಯದರಲ್ಲಿ, "ಎಂಥ ತುಂಬಿದ ಪಕ್ಕೆ!" ನಾಲ್ಕನೆಯದರಲ್ಲಿ, "ಇಂಥ ತೊಡೆ ಎಲ್ಲಿಯೂ ಸಿಗದು!" ಐದನೆಯದರಲ್ಲಿ ಬಾಲ, ಜೊತೆಗೆ ಸಣ್ಣ ಅಕ್ಷರಗಳಲ್ಲಿ ನಿಜವಾದ ವಿಷಯ: ಇದು ತಳಿಯ ಟಗರು, ಮಾರಾಟಕ್ಕಿಲ್ಲ, ಇದರ ಗುಣಗಳು ನಿಮ್ಮ ಮರಿಗಳಿಗೂ ಬರಲಿ, ಇತ್ಯಾದಿ. ಎಲ್ಲದರ ಕೆಳಗೂ ನನ್ನ ಫೋನ್ ನಂಬರು.

ರೇಣುಕಾ ನೋಡಿ ಕೇಳಿದಳು: "ಇಡೀ ಟಗರು ಒಂದ ಫೋಟೋದಾಗ ಬರ್ತಿದ್ದಿಲ್ಲೇನ್ರಿ?"

"ನಿನಗ ತಿಳಿಯೂದಿಲ್ಲ. ಇದು ಕಥಿ ಇದ್ದಂಗ. ಒಮ್ಮೆಲೆ ಹೇಳಬಾರ್ದು."

"ಟಗರಿನ್ಯಾಗ ಏನ್ರಿ ಕಥಿ? ಮುಂದ ಕೊಂಬು, ಹಿಂದ ಬಾಲ."

ಇಂಥ ಪೋಸ್ಟು ಹಾಕುವ ಆ್ಯಪನ್ನು ಹಳ್ಳಿಯ ಜನ ಬಳಸುವುದಿಲ್ಲವಾದ್ದರಿಂದ, ಐದೂ ಚಿತ್ರಗಳನ್ನು ಬಿಡಿಬಿಡಿಯಾಗಿ ವಾಟ್ಸಾಪಿಗೆ ಹಾಕಿದೆ. ಅವು ಮೂಡಲಗಿಗೆ ಹೋದವು, ಹುಕ್ಕೇರಿಗೆ ಹೋದವು, ಗುಂಪಿನಿಂದ ಗುಂಪಿಗೆ ಹಾರಿದವು. ಆದರೆ ಅಷ್ಟು ಸಣ್ಣ ಅಕ್ಷರದ ಐದನೆಯ ಚಿತ್ರವನ್ನು ಯಾರೂ ಮುಂದೆ ಕಳಿಸಲಿಲ್ಲ. ತಲೆ, ಭುಜ, ಪಕ್ಕೆ, ತೊಡೆ ಮಾತ್ರ ಊರೂರು ತಿರುಗಿದವು. ಅದೂ ಭಾನುವಾರಕ್ಕೆ!

ಇದು ನನಗೆ ಗೊತ್ತಾದದ್ದು ಆ ಬೆಳಿಗ್ಗೆಯ ಎರಡನೆಯ ಕರೆಯಿಂದ.

"ಅಣ್ಣಾರ, ತೊಡಿ ಎರಡ ಕಿಲೋ ತಗದಿಡ್ರಿ. ಹುಕ್ಕೇರಿಯಿಂದ ಬಸ್ಸಿಗೆ ಬರಾಕತ್ತೇವಿ, ತುಸು ತಡಾ ಆಗತೈತಿ."

"ಯಾರ ತೊಡಿ ರಿ?"

"ಟಗರಿಂದು ರಿ. ನಿಮ್ಮದಲ್ಲ!"

ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ ಬಿತ್ತು. ಅಷ್ಟರಲ್ಲಿ ಮತ್ತೊಂದು ಕರೆ. ಯಾರೋ ಹೆಂಗಸು, ತಲೆ ಬೇರೆಯವರಿಗೆ ಕೊಟ್ಟಾಯಿತೇ ಎಂದು ಕಳಕಳಿಯಿಂದ ವಿಚಾರಿಸಿದಳು. ರೇಣುಕಾ ಫೋನು ಕಸಿದುಕೊಂಡು, ಊರೆಲ್ಲ ಸುತ್ತಿ ಅವಳಿಗೇ ವಾಪಸು ಬಂದಿದ್ದ ನಾಲ್ಕು ಚಿತ್ರಗಳನ್ನು ನನ್ನ ಮುಖಕ್ಕೆ ಹಿಡಿದಳು.

"ಇದನ್ನ ನೋಡಿದ್ರ ನಾನೂ ಡಬ್ಬಿ ತಗೊಂಡ ಹೋಗಿ ಪಾಳಿಗೆ ನಿಲ್ಲತಿದ್ದೆ!"

ಆಗ ನನಗೆ ಮೊದಲ ಕರೆಯ ಅನುಭವಿ ನೆನಪಾದ. ಅವನ ಸಾಮಾನು ನೆನಪಾಯಿತು. ಅವನಿಗೆ ಫೋನು ಮಾಡಿದರೆ ಎತ್ತಲಿಲ್ಲ, ಕೆಲಸದಲ್ಲಿದ್ದನೋ ಏನೋ. ಕಾಕಿಯೂ ಎತ್ತಲಿಲ್ಲ. ಕಾಕಾ ಕುರಿಗಳ ಹಿಂದೆ ದೂರ ಹೋಗಿದ್ದರು.

ಸ್ಕೂಟರ್ ಹತ್ತಿದೆವು. ದಾರಿಯುದ್ದಕ್ಕೂ ರೇಣುಕಾ ಹಿಂದೆ ಕೂತು ಕಾಕಿಗೆ ಫೋನು ಹಚ್ಚುತ್ತಲೇ ಇದ್ದಳು. ಊರು ಇನ್ನೇನು ಬಂತು ಅನ್ನುವಾಗ ರಸ್ತೆಯ ತುಂಬ ಕುರಿ! ಹಾರ್ನು ಹೊಡೆದರೆ ತಿರುಗಿ ನೋಡಿ, ಯಾವ ಊರಿನ ಶಾಣ್ಯಾನಪ್ಪ ಇವನು ಅನ್ನುವಂತೆ ಮತ್ತೆ ನಿಧಾನ ನಡೆದವು. ನಾನು ಕುರಿಗಳಿಗೆ ಕೈಮುಗಿದೆ. ಖರೆ ಹೇಳುತ್ತೇನೆ, ಎರಡೂ ಕೈ ಎತ್ತಿ ಮುಗಿದೆ.

ಕಾಕಾನ ಅಂಗಳದಲ್ಲಿ ಜನ ಸ್ಟೀಲು ಡಬ್ಬಿ, ಚೀಲ ಹಿಡಿದು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಮಸಾಲೆಗೆ ಒಣಕೊಬ್ಬರಿ ಎಷ್ಟು ಹಾಕಬೇಕು ಎಂಬ ಚರ್ಚೆ ನಡೆದಿತ್ತು. ಕಾಕಿ ಮೇವು ತರಲು ಹೊಲಕ್ಕೆ ಹೋಗಿದ್ದರು. ಬಾಜೂ ಮನೆಯ ಮುದುಕ ಬಾಳಪ್ಪ ಕಾಕಾ ಮಾತ್ರ ತಲೆ ಕೆಳಗೆ ಹಾಕಿ ನಿಂತಿದ್ದರು.

"ನೀವರ ಬ್ಯಾಡ ಅನಬಾರ್ದೇನ್ರಿ?" ರೇಣುಕಾ ಕೂಗಿದಳು.

"ಅಳಿಯಾರು ಹೇಳ್ಯಾರ ಅಂದ್ರವಾ. ಅಳಿಯಾರು ಹೇಳಿದ ಮ್ಯಾಲ ನಾವು ಯಾರು ಬ್ಯಾಡ ಅನ್ನಾಕ?"

ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿತ್ತು. ಕಣಗಲಾದ ಮನುಷ್ಯ ಚೂರಿ ಮಸೆದು ಪಕ್ಕಕ್ಕಿಟ್ಟು, ಹಿರ್ಯಾನ ಕುತ್ತಿಗೆಯ ಉಣ್ಣೆಯನ್ನು ಬೆರಳಿನಿಂದ ಬಿಡಿಸಿ ಜಾಗ ನೋಡುತ್ತಿದ್ದ. ಆ ಬೆರಳು ನಿಂತ ಜಾಗವನ್ನು ನಾನು ಗುರುತಿಸಿದೆ. ಪರದೆಯ ಮೇಲೆ ಒಂದನೆಯ ಚಿತ್ರ ಮುಗಿದು ಎರಡನೆಯದು ಸುರುವಾಗುವ ಗೆರೆಯನ್ನು, ಚೆಂದ ಕಾಣಲಿ ಎಂದು ನಾನು ಎಳೆದದ್ದು ಸರಿಯಾಗಿ ಅಲ್ಲೇ.

ಹಿರ್ಯಾ ಸುಮ್ಮನೆ ನಿಂತಿತ್ತು. ಮನುಷ್ಯರ ಕೈಯಲ್ಲಿ ಬೆಳೆದದ್ದಲ್ಲವೇ, ತುರಿಸುತ್ತಿದ್ದಾರೆ ಎಂದುಕೊಂಡು ಕುತ್ತಿಗೆಯನ್ನು ಇನ್ನಷ್ಟು ಮುಂದಕ್ಕೆ ಚಾಚಿತು.

ಅದೊಂದನ್ನು ನಾನು ಮರೆಯಲಾರೆ.

"ನಿಲ್ಲಸ್ರಿ! ಐದನೇ ಚಿತ್ರ! ಐದನೇ ಚಿತ್ರ ನೋಡ್ರಿ!" ಎಂದು ಚೀರುತ್ತ ಓಡಿದೆ. ಒಂದು ಪ್ರಾಣಿಯ ಜೀವ ಉಳಿಸಲು ಮನುಷ್ಯ ಆಡಬಹುದಾದ ಮಾತುಗಳಲ್ಲಿ ಇಷ್ಟು ನಿರುಪಯುಕ್ತವಾದದ್ದು ಇನ್ನೊಂದಿಲ್ಲ.

"ಯಾವ ಚಿತ್ರ ರಿ? ಯಾರ್ರಿ ನೀವು?"

"ನಾ ಅಳಿಯ!"

"ಹಾಂ, ಬರ್ರಿ ಬರ್ರಿ. ನಿಮ್ಮದ ದಾರಿ ಕಾಯಾಕತ್ತಿದ್ದೆ. ಕಾಲ ಹಿಡೀರಿ."

ನಾನು ಕಾಲು ಹಿಡಿಯಲಿಲ್ಲ, ಹಗ್ಗ ಹಿಡಿದೆ. ಅವನು ಚೂರಿ ಎತ್ತಿಕೊಳ್ಳುವುದರೊಳಗೆ ಮರಕ್ಕೆ ಕಟ್ಟಿದ್ದ ಗಂಟು ಬಿಚ್ಚಿದೆ. ಹಿರ್ಯಾ ಒಂದೊಂದೇ ಹೆಜ್ಜೆ ಹಿಂದೆ ಸರಿಯಿತು. ಪಾಪ, ಹೆದರಿದೆ ಎಂದುಕೊಂಡು, ಕೆಳಗೆ ಬಿದ್ದ ಹಗ್ಗ ಎತ್ತಿಕೊಳ್ಳಲು ಅದಕ್ಕೆ ಬೆನ್ನು ಮಾಡಿ ಬಗ್ಗಿದೆ. ಟಗರು ಯಾಕೆ ಹಿಂದೆ ಸರಿಯುತ್ತದೆ ಎಂಬುದು ನಮ್ಮ ಭಾಗದಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ತೊಟ್ಟಿಲ ಕೂಸು ತರಬೇತಿ ಪಡೆದಿರುವುದಿಲ್ಲ!

ಆಕಾಶ, ಬೇವಿನ ಮರ, ಸ್ಟೀಲು ಡಬ್ಬಿ, ತಿಪ್ಪೆ. ಈ ನಾಲ್ಕು ಚಿತ್ರಗಳು ನನ್ನ ಕಣ್ಣ ಮುಂದೆ ಒಂದಕ್ಕೊಂದು ಅಂಟಿಕೊಂಡು ಹರಿದವು. ಐದನೆಯದು ಕತ್ತಲೆ.

ತಿಪ್ಪೆಯಿಂದ ತಲೆ ಎತ್ತಿದಾಗ ಜನ ಚೆದುರಿದ್ದರು. ಕಣಗಲಾದವನು ಗೋಡೆ ಏರಿ ಕೂತಿದ್ದ. ರೇಣುಕಾ ಅವನಿಗೆ ಐದನೆಯ ಚಿತ್ರ ಓದಿ, ಕಾಕಿ ಬಾಟಲಿ ಹಾಲು ಕುಡಿಸಿ ಸಾಕಿದ್ದನ್ನೂ ಹೇಳುತ್ತಿದ್ದಳು. "ಮೊದಲ ಹೇಳಬಾರ್ದೇನ್ರಿ ಇದನ್ನ? ಮನಿ ಕೂಸಿನಂಗ ಸಾಕಿದ್ದನ್ನ ನನ್ನ ಕೈಲೆ…" ಎಂದ. ಚೂರಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟ.

ಆಗ ಕಾಕಿ ಮೇವಿನ ಹೊರೆ ಹೊತ್ತು ಬಂದರು. ಗೋಣಿಚೀಲ ನೋಡಿದರು, ಮಸೆಗಲ್ಲು ನೋಡಿದರು, ನನ್ನನ್ನು ನೋಡಿದರು. ಹೊರೆ ತಾನಾಗಿ ಕೆಳಗೆ ಬಿತ್ತು. ಹಿರ್ಯಾನ ಕುತ್ತಿಗೆಯನ್ನು ಎರಡೂ ಕೈಯಿಂದ ಸವರಿದರು. ಮತ್ತೆ ಸವರಿದರು. ಅದು ಮೇವಿನ ಕಡೆಗೆ ಜಗ್ಗುತ್ತಿದ್ದರೂ ಬಿಡಲಿಲ್ಲ.

ಕೊನೆಗೆ ಹೇಳಿದರು: "ರೇಣುಕಾ, ಅಳಿಯಾರಿಗೆ ಕುರ್ಚಿ ಹಾಕ. ನೀರ ಕೊಡ."

ನಮ್ಮಲ್ಲಿ ಅಳಿಯನಿಗೆ ಬೈಯುವ ಪದ್ಧತಿ ಇಲ್ಲ. ಅವನು ಮನೆಗೆ ಬೆಂಕಿ ಹಚ್ಚಿದರೂ ಮೊದಲು ಚಹಾ ಕೊಡಬೇಕು. ಆದ್ದರಿಂದ ಕಾಕಿ ಟಗರಿಗೆ ಬೈದರು.

"ಎಷ್ಟ ಓದೀಯೋ ಹಿರ್ಯಾ? ಕಾಲೇಜ ಕಲ್ತೀ ಅಲ್ಲ? ನಿನಗ ಉಳಸ ಅಂದ್ರ ಉಪ್ಪು ಖಾರ ಹಚ್ಚಿ ಕೊಟ್ಟೀ ಅಲ್ಲೋ!"

ಹಿರ್ಯಾ ಮೆಲುಕು ಹಾಕುತ್ತ ನನ್ನ ಕಡೆ ನೋಡಿತು. ಮಾತು ಯಾರಿಗೆ ಎಂದು ಅದಕ್ಕೂ ತಿಳಿದಿತ್ತು.

ಆಮೇಲಿನ ರಾತ್ರಿಗಳಲ್ಲಿ ನಿದ್ದೆ ನನ್ನ ಹತ್ತಿರ ಸುಳಿಯಲಿಲ್ಲ. ಕಣ್ಣು ಮುಚ್ಚಿದರೆ ಆ ಚಾಚಿದ ಕುತ್ತಿಗೆ. ಬೆರಳು ಸರಿಸುತ್ತೇನೆ, ಮುಂದಿನ ಚಿತ್ರ ಬರುವುದೇ ಇಲ್ಲ. ಕುತೂಹಲ ಉಳಿಸಬೇಕು, ಮುಖ್ಯ ವಿಷಯ ಕೊನೆಗಿಡಬೇಕು ಎಂದು ಕಲಿತಿದ್ದೆ. ಕೊನೆಯವರೆಗೆ ಬರುವಷ್ಟು ಪುರುಸೊತ್ತು ಯಾರಿಗಿದೆ ಎಂದು ಕೇಳಿಕೊಂಡಿರಲಿಲ್ಲ. ನಾನೇ ಎಷ್ಟು ಜನರ ಮಾತನ್ನು ಮೊದಲ ಚಿತ್ರಕ್ಕೇ ನಿಲ್ಲಿಸಿ, ಉಳಿದದ್ದನ್ನು ಊಹಿಸಿಕೊಂಡು ಎದ್ದು ಹೋಗಿಲ್ಲ? ಬೇರೆಯವರದೇಕೆ, ಆ ಬೆಳಿಗ್ಗೆಯ ಫೋನಿನಲ್ಲಿ ಎದುರಿನವನು ಆಡಿದ್ದು ಒಂದು, ನಾನು ತುಂಬಿಕೊಂಡದ್ದು ಇನ್ನೊಂದು.

ಕಾಕಿ ರೇಣುಕಾಳಿಗೆ ಫೋನು ಮಾಡಿದಾಗಲೆಲ್ಲ "ಅಳಿಯಾರು ಆರಾಮ ಅದಾರಲ್ಲ?" ಎಂದು ಬಹುವಚನದಲ್ಲಿ ಕೇಳುತ್ತಿದ್ದರು. ಆ ಮರ್ಯಾದೆ ನನಗೆ ಟಗರಿನ ಗುದ್ದಿಗಿಂತ ಹೆಚ್ಚು ನೋಯುತ್ತಿತ್ತು.

ಗುರುವಾರ ಸಂಜೆ ಫೋನು ನೇರ ನನಗೇ ಬಂತು.

"ಏ ಶಾಣ್ಯಾ! ಎಲ್ಲಿ ಅದೀಯೋ? ಮೂರ ಊರಿನ ಕುರುಬರು ಕುರಿ ಹೊಡಕೊಂಡ ಬಂದ ಕುಂತಾರ. 'ಅಳಿಯನ್ನ ತಿಪ್ಪಿಗೆ ಒಗದ ಟಗರು ಇದ ಏನವಾ? ಇಂಥಾ ಜೋರಿಂದ ಬೇಕು' ಅನ್ನಾಕತ್ತಾರ. ನಿಮ್ಮ ಕಾಕಾ ಈಗ ಅವನ್ನ ಸಂತಿಗೆ ಒಯ್ಯೂದಿಲ್ಲ ಅಂತಾನ. ಆದ್ರ ನೀ ಇನ್ನೊಮ್ಮೆ ಜೀವ ಇರೋ ಕುರಿಗೆ ತೊಡಿ, ಪಕ್ಕಿ ಅಂತ ಬ್ಯಾರೆ ಬ್ಯಾರೆ ಹೆಸರು ಹಚ್ಚಿದೀ ಅಂದ್ರ ಕಟ್ಟಿಗಿ ತಗೋತೇನಿ ನೋಡ! ಕೊಯ್ದ ಮ್ಯಾಲ ಹಚ್ಚೂ ಹೆಸರು ಅವು. ನಿಂತಿರೂ ತನಕ ಅಂವ ಇಡೀ ಹಿರ್ಯಾ. ತಿಳೀತಿಲ್ಲೋ ಮೂರ್ಖಾ?"

"ತಿಳೀತು ಕಾಕಿ" ಅಂದೆ.

"ಏನ ಅಂದ್ರು?" ರೇಣುಕಾ ಕೇಳಿದಳು.

"ಬೈದ್ರು. ಮೂರ್ಖ ಅಂದ್ರು."

"ಖರೆ?" ಅವಳ ಮುಖ ಅರಳಿತು.

ಕುರುಬರನ್ನು ಕರೆತಂದದ್ದು ನನ್ನ ಕ್ಯಾರೌಸೆಲ್ ಅಲ್ಲ. ಡಬ್ಬಿ ಹಿಡಿದು ಬಂದಿದ್ದವರಲ್ಲಿ ಯಾರೋ ಟಗರು ನನ್ನನ್ನು ಗುದ್ದಿದ ಕ್ಷಣಕ್ಕೆ ಸರಿಯಾಗಿ ತೆಗೆದ ಒಂದೇ ಒಂದು ಫೋಟೋ. ಅದರಲ್ಲಿ ಕೊಂಬಿನಿಂದ ಬಾಲದವರೆಗೆ ಇಡೀ ಹಿರ್ಯಾ ಸ್ಪಷ್ಟವಾಗಿ ಬಂದಿತ್ತು. ಸರಿಸುವ ಅಗತ್ಯವೇ ಇಲ್ಲ. ನಾನು ಮಾತ್ರ ಸೊಂಟದಿಂದ ಕೆಳಗೆ ಬಂದಿದ್ದೆ. ಉಳಿದ ಭಾಗ ಚೌಕಟ್ಟಿನ ಆಚೆ, ತಿಪ್ಪೆಯಲ್ಲಿತ್ತು.

ಆ ಗುರುವಾರ ರಾತ್ರಿ ನಾನು ಬೆಳಗಾಗುವ ತನಕ ಗಾಢವಾಗಿ ನಿದ್ದೆ ಮಾಡಿದೆ. ಬೋರಲಾಗಿ ಮಾಡಿದೆ. ಫೋಟೋದಲ್ಲಿ ಬಂದ ಭಾಗ ಇನ್ನೂ ನೋಯುತ್ತಿತ್ತು!