ನಾಲ್ಕು ಪುಟದ ಟೋಸ್ಟ್ ಮತ್ತು ಒಂದು ಕುರ್ಚಿ

ಕಾಯಿಲೆಗಳಲ್ಲಿಯೂ ಮರ್ಯಾದಸ್ಥ, ಮರ್ಯಾದೆಗೆಟ್ಟ ಎಂದು ಎರಡು ಜಾತಿಗಳಿವೆ ಎಂಬುದು ಐವತ್ತು ದಾಟುವವರೆಗೆ ನನಗೆ ಗೊತ್ತಿರಲಿಲ್ಲ. ನನಗೆ ಬಂದ ಸಂಧಿವಾತ ಮೊದಲನೆಯ ಜಾತಿಯದು. ಬೆರಳಿನ ಗೆಣ್ಣು ಬಾತುಕೊಂಡಾಗ ಅದನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಎತ್ತಿ ತೋರಿಸಬಹುದು. ನೋಡಿದವರು ಲೊಚಗುಟ್ಟುತ್ತಾರೆ, ಚಹಾವನ್ನು ತಾವೇ ತಂದುಕೊಡುತ್ತಾರೆ. ಆದರೆ ಅದರ ಬೆನ್ನಿಗೇ ಬಂದು ಒಳಗೆ ಬಿಡಾರ ಹೂಡಿದ ಆಯಾಸವಿದೆಯಲ್ಲ, ಅದಕ್ಕೆ ಬಾವಿಲ್ಲ, ಬಣ್ಣವಿಲ್ಲ, ಎಕ್ಸ್‌ರೇಯಲ್ಲಿ ಅದರ ಪಟವಿಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದು ಷರ್ಟಿನ ಮೂರನೆಯ ಗುಂಡಿಗೆ ಕೈ ಹಾಕುವಷ್ಟರಲ್ಲಿ ಯಾರೋ ದೇಹದ ಮೇನ್ ಸ್ವಿಚ್ ಆರಿಸಿದಂತಾಗುತ್ತದೆ. ಸುಸ್ತು ಎಂದು ಬಾಯಿ ಬಿಟ್ಟರೆ ಎಲ್ಲರದೂ ಒಂದೇ ಉತ್ತರ: "ಸುಸ್ತು ಯಾರಿಗಿಲ್ಲ ಮಾರಾಯ? ನನಗೂ ಉಂಟು."

ಡಾಕ್ಟರು ಮಾತ್ರ ನಂಬಿದರು. "ಮಾಸ್ಟ್ರೇ, ರಿಪೋರ್ಟ್ ಚಂದ ಉಂಟು, ಬಾವು ಇಳಿದಿದೆ. ಈ ಸುಸ್ತು ಮಾತ್ರ ಕೆಲವರಿಗೆ ಉಳೀತದೆ. ಅದು ಸೋಮಾರಿತನ ಅಲ್ಲ, ಕಾಯಿಲೆಯದ್ದೇ ಭಾಗ. ಇದ್ದ ಶಕ್ತಿಯನ್ನು ಜಾಗ್ರತೆಯಲ್ಲಿ ಬಳಸಿ." ಹೊರಡುವಾಗ ನನ್ನ ಹೆಂಡತಿ ಐಡಾ, "ಇದು ಹರಡ್ತದಾ ಡಾಕ್ಟ್ರೇ?" ಎಂದು ಕೇಳಿದಳು. ಖಂಡಿತ ಇಲ್ಲ ಎಂದರು. ಅವರ ಈ ಅಭಿಪ್ರಾಯವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಹೀಗಿರುವಾಗ ನನ್ನ ಅಕ್ಕ ಐರಿನ್‌ಳ ಮಗಳು ಶೆರಿನ್‌ಗೆ ಉಳ್ಳಾಲದ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ನಮ್ಮ ಕ್ರೈಸ್ತರ ಮದುವೆಯ ಸಭೆಯಲ್ಲಿ ಒಬ್ಬ ಹಿರಿಯ ವೇದಿಕೆಗೆ ಬಂದು ವಧೂವರರ ಗುಣಗಾನ ಮಾಡಿ, ಎಲ್ಲರನ್ನೂ ಎದ್ದು ನಿಲ್ಲಿಸಿ, ಗ್ಲಾಸು ಎತ್ತಿಸಬೇಕು. ಇದಕ್ಕೆ ಟೋಸ್ಟ್ ಎಂದು ಹೆಸರು. ಇಪ್ಪತ್ತು ವರ್ಷಗಳಿಂದ ನಾನು ಈ ಕಲೆಯಲ್ಲಿ ಪಳಗಿದವನು. ನನ್ನ ಟೋಸ್ಟ್ ಮುಗಿಯುವಷ್ಟರಲ್ಲಿ ಗ್ಲಾಸಿನೊಳಗಿನ ಐಸ್ ಕರಗುತ್ತದೆ ಎಂಬ ಅಪವಾದವೂ ಇದೆ. ಶೆರಿನ್‌ಗೆ ನಾನು ಸೋದರಮಾವ ಮಾತ್ರವಲ್ಲ, ಜ್ಞಾನಸ್ನಾನದಲ್ಲಿ ಅವಳ ಹೊಣೆ ಹೊತ್ತ ಗಾಡ್‌ಫಾದರ್ ಕೂಡ. ಅವಳ ತಂದೆ ತೀರಿಹೋಗಿದ್ದಾರೆ. "ಮಾಮಾ, ಪಪ್ಪನ ಜಾಗದಲ್ಲಿ ನೀವೇ ನಿಂತು ಹೇಳಬೇಕು. ಬೇರೆಯವರು ಬೇಡ" ಎಂದಳು ಹುಡುಗಿ. ಒಪ್ಪಿಕೊಂಡೆ. ಆಮೇಲೆ, ಆಗುತ್ತದೋ ಇಲ್ಲವೋ ಎಂದು ಅಕ್ಕನ ಹತ್ತಿರ ಗೊಣಗಿ ನೋಡಿದೆ. "ಎಂತ ಸುಸ್ತು ವಲ್ಲಿ? ಕೂತು ಕೂತು ಹೀಗಾದದ್ದು ನೀನು. ಬೆಳಿಗ್ಗೆ ಎದ್ದು ಬೀಚಿನಲ್ಲಿ ನಡಿ" ಎಂದಳು. ವಲ್ಲಿ ಎಂಬುದು ಮನೆಯಲ್ಲಿ ನನ್ನನ್ನು ಕರೆಯುವ ಹೆಸರು.

ನಾನು ನಾಲ್ಕು ಪುಟ ಬರೆದೆ. ಐಡಾ ಯುದ್ಧದ ಯೋಜನೆ ಹಾಕಿದಳು. ಮದುವೆಯ ಹಿಂದಿನ ಎರಡು ದಿನ ನಾನು ಮಣ್ಣಗುಡ್ಡದ ಮನೆ ಬಿಟ್ಟು ಕದಲಬಾರದು. ಸ್ನಾನ ಕುಳಿತೇ ಮಾಡಬೇಕು. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆಯ ಹೊತ್ತಿಗೆ ಎಲ್ಲರೂ ನಿಂತಾಗ ನಾನು ಕುಳಿತಿರಬೇಕು. "ನಿಮಗೆ ಇವತ್ತು ಇರುವುದು ಹತ್ತು ನಿಮಿಷ ನಿಲ್ಲುವ ಶಕ್ತಿ. ಅದನ್ನು ಮದುವೆ ಹಾಲ್‌ನ ಟೋಸ್ಟಿಗೆ ಇಟ್ಟುಕೊಳ್ಳಿ" ಎಂದು ಮದುವೆಯ ದಿನ ಕಾರಿನಲ್ಲಿ ಮತ್ತೊಮ್ಮೆ ಹೇಳಿದಳು.

ಆದರೆ ಮೊದಲ ಸಾಲಿನಲ್ಲಿ, ಕೋಟು ಟೈ ತೊಟ್ಟು, ಗಲ್ಲ ಕೆಂಪಗಿರುವ ಗಾಡ್‌ಫಾದರ್ ಒಬ್ಬನೇ ಕುಳಿತಿರುವುದನ್ನು ಇಡೀ ಇಗರ್ಜಿ ನೋಡುವುದೆಂದರೇನು? ಹಿಂದಿನ ಸಾಲಿನಿಂದ ಯಾರೋ ಕೆಮ್ಮಿದರು. ಆ ಕೆಮ್ಮು ನನ್ನನ್ನು ಉದ್ದೇಶಿಸಿಯೇ ಬಂದದ್ದು ಎಂದು ನಾನು ತೀರ್ಮಾನಿಸಿದೆ. ಎದ್ದೆ. ನಿಂತೆ. ಮೊಣಕಾಲೂರಿದೆ, ಮತ್ತೆ ಎದ್ದೆ. ಐಡಾ ನನ್ನ ಕೋಟಿನ ತುದಿ ಹಿಡಿದು ಎಳೆಯುತ್ತಲೇ ಇದ್ದಳು. ಆಮೇಲೆ ಅಂಗಳದಲ್ಲಿ ಫೋಟೋಗ್ರಾಫರ್ "ಅಂಕಲ್, ಇನ್ನೊಂದು" ಎಂದು ಏಳು ಸಲ ಹೇಳಿದ. ಅಷ್ಟೂ ಸಲ ನಾನು ನಗುನಗುತ್ತಾ ನಿಂತೆ.

ಕದ್ರಿಯ ಹಾಲ್‌ಗೆ ತಲುಪುವಾಗ ನನ್ನ ಕಾಲುಗಳು ಯಾರದೋ ಕಾಲುಗಳಾಗಿದ್ದವು. ವಧೂವರರು ಬ್ಯಾಂಡಿನೊಂದಿಗೆ ಒಳಬಂದರು, ಕೇಕು ಕತ್ತರಿಸಿದರು. ಇನ್ನು ಟೋಸ್ಟ್. ಐಡಾ ನನ್ನ ಮುಖ ನೋಡಿ ಮೆಲ್ಲಗೆ, "ನಿಂತಿರಲ್ಲ ನೀವು? ಇಗರ್ಜಿಯಲ್ಲಿ ನಿಂತೇ ಬಿಟ್ಟಿರಿ" ಎಂದಳು. ಮೈಕಿನಲ್ಲಿ ನನ್ನ ಹೆಸರು ಕೇಳಿತು. ವೇದಿಕೆಗೆ ನಾಲ್ಕು ಮೆಟ್ಟಿಲು. ಮೂರನೆಯದರಲ್ಲಿ ಬೆವರು ಇಳಿಯಿತು. ನಾಲ್ಕನೆಯದರಲ್ಲಿ ನಾಲ್ಕು ಪುಟವೂ ತಲೆಯಿಂದ ಇಳಿದುಹೋಯಿತು. ಮೈಕಿನ ಕಂಬವನ್ನು ಹಿಡಿದೆ. ಅದೂ ಅಲುಗಾಡಿತು. ಜೇಬಿನ ಕಾಗದ ತೆಗೆಯಬೇಕಾದರೆ ಕಂಬ ಬಿಡಬೇಕು, ಕಂಬ ಬಿಟ್ಟರೆ ನಾನು ಬೀಳಬೇಕು. ಐನೂರು ಜನ ಗ್ಲಾಸು ಹಿಡಿದು ಕಾಯುತ್ತಿದ್ದರು. ಮುಂದಿನ ಸಾಲಿನಲ್ಲಿ ಅಕ್ಕ ಕೈ ಜೋಡಿಸಿಕೊಂಡು ಕುಳಿತಿದ್ದಳು. ಮಗಳ ಸಭೆಯಲ್ಲಿ ತಂದೆಯ ಜಾಗ ಕುಸಿದು ಬೀಳುತ್ತದೆಯೇ ಎಂಬುದೊಂದೇ ನನ್ನ ತಲೆಯಲ್ಲಿ ಉಳಿದ ಯೋಚನೆ.

ಶೆರಿನ್ ನರ್ಸ್. ನನ್ನ ಬೆರಳುಗಳು ಕಂಬವನ್ನು ಹಿಡಿದ ರೀತಿ ಅವಳಿಗೆ ಓದಲು ಬಂದಿರಬೇಕು. ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಅವನು, ಮೂರು ಗಂಟೆಯಷ್ಟು ಹಳೆಯ ಗಂಡ, ಹೊಸ ಸೂಟಿನಲ್ಲಿ ಹೋಗಿ ಬ್ಯಾಂಡಿನವರ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎತ್ತಿ ತಂದು ನನ್ನ ಹಿಂದೆ ಇಟ್ಟು, ಮೈಕನ್ನು ಕಂಬದಿಂದ ಬಿಚ್ಚಿ ಕೈಗೆ ಕೊಟ್ಟ. ನಾನು ಕುಳಿತೆ.

"ನಾಲ್ಕು ಪುಟ ಬರೆದು ತಂದಿದ್ದೆ," ಎಂದೆ. "ಓದುವ ಶಕ್ತಿ ಇಲ್ಲ. ನನ್ನ ಕಾಯಿಲೆಯದ್ದೇ ಸುಸ್ತು ಇದು. ಸೋಮಾರಿತನ ಅಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ, ಅಕ್ಕ ಇನ್ನೂ ಒಪ್ಪಿಲ್ಲ. ಇವಳು ನಾನು ಕೇಳುವ ಮೊದಲೇ ನೋಡಿದಳು. ಇವನು ಯಾಕೆ ಅಂತ ಕೇಳದೆ ಕುರ್ಚಿ ತಂದ. ಸಂಸಾರಕ್ಕೆ ಇಷ್ಟು ಸಾಕು. ಇನ್ನು ಎಲ್ಲರೂ ಎದ್ದು ನಿಲ್ಲಿ."

ಐನೂರು ಜನ ಎದ್ದು ನಿಂತರು. ಅಷ್ಟು ಜನರನ್ನು ಏಳಿಸಿ ತಾನು ಕುಳಿತೇ ಇದ್ದವನು ಆ ಹಾಲ್‌ನಲ್ಲಿ ಹಿಂದೆ ಇದ್ದಿರಲಾರ.

ಊಟದ ಹೊತ್ತಿಗೆ ಅಕ್ಕ ತಟ್ಟೆ ತುಂಬಿಸಿ ನಾನಿದ್ದಲ್ಲಿಗೇ ತಂದಳು. ಕಣ್ಣು ಒದ್ದೆಯಾಗಿತ್ತು. "ನಾನು ಬೀಚಿನಲ್ಲಿ ನಡಿ ಅಂದೆನಲ್ಲ ನಿನಗೆ," ಎಂದಳು. ಚಮಚವನ್ನು ನನ್ನ ಕೈಗೆ ಕೊಟ್ಟು, "ಆದರೂ ವಲ್ಲಿ, ಬೇಸರ ಮಾಡಬೇಡ. ಇಷ್ಟು ಒಳ್ಳೆ ಟೋಸ್ಟ್ ನೀನು ಈವರೆಗೆ ಹೇಳಿದ್ದೇ ಇಲ್ಲ. ಈ ಸುಸ್ತು ಸ್ವಲ್ಪ ಬೇಗ ಬರಬಹುದಿತ್ತು" ಎಂದಳು. ಕೈ ತೊಳೆಯುವಲ್ಲಿ ಇನ್ನೂ ಇಬ್ಬರು ತಮ್ಮ ಮನೆಯ ಮದುವೆಗೆ ನನ್ನನ್ನು ಗೊತ್ತುಮಾಡಿದರು. ಕುರ್ಚಿಯ ವ್ಯವಸ್ಥೆ ತಾವೇ ಮಾಡುತ್ತೇವೆಂದು ಒತ್ತಿ ಹೇಳಿದರು.

ಮರುದಿನ ಐಡಾ ಕೋಟನ್ನು ಲಾಂಡ್ರಿಗೆ ಕೊಡಲೆಂದು ಜೇಬು ನೋಡಿದಾಗ ಆ ನಾಲ್ಕು ಪುಟ ಸಿಕ್ಕಿತು. ಪಾಪ, ಯಾರೂ ಕೇಳಲಿಲ್ಲವಲ್ಲ, ನಾನಾದರೂ ಓದುತ್ತೇನೆ ಎಂದು ಸೋಫಾದಲ್ಲಿ ಕುಳಿತಳು. ಎರಡನೆಯ ಪುಟ ತಿರುಗಿಸುವುದರೊಳಗೆ ಅವಳ ತಲೆ ವಾಲಿತು. ಕಾಗದ ಎದೆಯ ಮೇಲೆ ಬಿತ್ತು. ಹಗಲು ಹನ್ನೊಂದು ಗಂಟೆ, ಆರೋಗ್ಯವಂತ ಹೆಂಗಸು. ಇದು ಹರಡುವುದಿಲ್ಲ ಎಂದ ಡಾಕ್ಟರಿಗೆ ಮುಂದಿನ ಸಲ ಈ ವಿಷಯ ತಿಳಿಸಬೇಕೆಂದಿದ್ದೇನೆ.