ಪ್ರತಿಮೆ ಉಟ್ಟ ಕಚ್ಚೆಪಂಚೆ

ತಂಟೆ ಶುರುವಾದದ್ದು ಮಡಚುವ ಕುರ್ಚಿಗಳಿಂದ. ಅವನ್ನು ತರಲು ನ್ಯೂಯಾರ್ಕ್ ಹತ್ತಿರದ ಎಡಿಸನ್ ಊರಿನಲ್ಲಿದ್ದ ತಮ್ಮ ಮನೆಯ ಗ್ಯಾರೇಜು ತೆರೆದ ತ್ರಿಪುರಸುಂದರಮ್ಮ, ತೆರೆದಷ್ಟೇ ಬೇಗ ಮುಚ್ಚಿದರು.

"ನಚಿಕೇತ! ಒಳಗೆ ಯಾರೋ ಬಟ್ಟೆ ಇಲ್ದೆ ನಿಂತಿದಾನೆ ಕಣೋ!"

"ನನ್ನ ಶಿಲ್ಪ ಆಂಟಿ, ಪ್ಲಾಸ್ಟರ್‌ದು," ಎನ್ನುತ್ತ ಬಾಡಿಗೆದಾರ ನಚಿಕೇತ ಬೇಸ್‌ಮೆಂಟಿನಿಂದ ಓಡಿಬಂದ. ತನ್ನ ಮೈಯದೇ ಅಚ್ಚು ತೆಗೆದು ಎರಕ ಹೊಯ್ದಿದ್ದ. ಅದರ ಮೇಲೆ ಪ್ರೊಜೆಕ್ಟರಿನಿಂದ ರೈಲು ಪ್ರಯಾಣಿಕರ ವಿಡಿಯೊ ಹರಿಯುತ್ತಿತ್ತು.

ಆಂಟಿ ಮತ್ತೆ ಇಣುಕಿದರು. "ಹೊಟ್ಟೆ ನಿಂದೇ, ಡೌಟೇ ಇಲ್ಲ. ನಾಲ್ಕಕ್ಕೆ ಭಜನೆಯವರು ಚಪ್ಪಲಿ ಬಿಡೋದು ಇಲ್ಲೇ. ಇವನು ಹೀಗೇ ನಿಂತಿರ್ತಾನಾ?"

"ಇವತ್ತೊಂದಿನ ಆಂಟಿ, ಪ್ಲೀಸ್. ನ್ಯೂಯಾರ್ಕಿಂದ ಆರ್ಟ್ ಮ್ಯೂಸಿಯಂ ಕ್ಯುರೇಟರ್ ಮೇಡಂ ಬರ್ತಿದಾರೆ. ನಾನು ಅಸಾಧಾರಣ ಕಲಾವಿದ ಅಂತ ಲೆಟರ್ ಟೈಪ್ ಮಾಡಿ ಕಳ್ಸಿದೀನಿ. ಅವರು ಸೈನ್ ಮಾಡಿದ್ರೆ ವೀಸಾ. ಇಲ್ದಿದ್ರೆ ಮುಂದಿನ ತಿಂಗಳು ಊರಿಗೆ ಫ್ಲೈಟು."

ಆಂಟಿ ಎರಡು ಕುರ್ಚಿ ಎತ್ತಿಕೊಂಡು ಒಳಗೆ ನಡೆದರು. ಅದನ್ನು ಒಪ್ಪಿಗೆ ಎಂದುಕೊಂಡು ಅವನು ಮೇಡಂ ಅವರನ್ನು ಕರೆತರಲು ಮೆಟುಚೆನ್ ರೈಲು ಸ್ಟೇಷನ್ನಿಗೆ ಕಾರು ಓಡಿಸಿದ. ಅದು ಒಪ್ಪಿಗೆಯಲ್ಲ ಎಂದು ಎರಡು ವರ್ಷ ಆ ಮನೆಯಲ್ಲಿದ್ದವನಿಗೆ ತಿಳಿದಿರಬೇಕಿತ್ತು.

ರೈಲು ತಡವಾಯಿತು. ಮರಳುವಷ್ಟರಲ್ಲಿ ಮನೆಯ ಮುಂದೆಲ್ಲ ಭಜನೆಯವರ ಕಾರುಗಳು. ಎರಡು ಬೀದಿ ಆಚೆ ಕಾರು ನಿಲ್ಲಿಸಿ, ಹೈಹೀಲ್ಸಿನ ಮೇಡಮ್ಮನ್ನು ನಡೆಸಿಕೊಂಡು ಬಂದು, ಗ್ಯಾರೇಜಿನ ಬಾಗಿಲು ಎತ್ತಿದ.

ಪ್ರತಿಮೆ ಜರಿಯಂಚಿನ ಪಂಚೆ ಉಟ್ಟು ನಿಂತಿತ್ತು. ಆಂಟಿಯ ಗಂಡ ಅಶ್ವತ್ಥನಾರಾಯಣ ಮಂಡಿಯೂರಿ, ಮದುವೆ ಗಂಡನ್ನು ಸಿದ್ಧಮಾಡುವ ಸೋದರಮಾವನಂತೆ, ಕೊನೆಯ ನೆರಿಗೆ ಸಿಕ್ಕಿಸುತ್ತಿದ್ದರು.

"ಅಂಕಲ್!" ನಚಿಕೇತ ನುಗ್ಗಿ ಪಂಚೆ ಎಳೆದ. ಕಚ್ಚೆ ಜಗ್ಗಲಿಲ್ಲ.

"ಮುಟ್ಟಬೇಡಿ!" ಮೇಡಂ ಇಂಗ್ಲಿಷಿನಲ್ಲಿ ಚೀರಿದರು. "ನೋಡಿ, ಪ್ರಯಾಣಿಕರ ಮುಖಗಳು ನೆರಿಗೆಗಳಲ್ಲಿ ಒಡೆದು ಮತ್ತೆ ಕೂಡುತ್ತಿವೆ! ಈ ಬಟ್ಟೆ ಯಾರ ಕೆಲಸ?"

"ನಂದೇ ಮೇಡಂ," ಎಂದರು ಅಂಕಲ್. "ನಲವತ್ತು ವರ್ಷದ ಪ್ರ್ಯಾಕ್ಟೀಸು."

"ಒಳಗಿರೋದು ನಂದು!" ಎಂದ ನಚಿಕೇತ.

"ಸ್ಟ್ಯಾಂಡಾ? ಗಟ್ಟಿಯಾಗಿದೆ," ಎಂದರು ಮೇಡಂ.

ಮೇಡಂ ಬ್ಯಾಗಿನಿಂದ ಪತ್ರ ತೆಗೆದರು. ನಚಿಕೇತನ ಹೆಸರು ಹೊಡೆದುಹಾಕಿ, ಒಂದೊಂದೇ ಅಕ್ಷರ ಕೇಳಿಕೊಂಡು ಅಶ್ವತ್ಥನಾರಾಯಣ ಎಂದು ಬರೆದು ಸಹಿ ಮಾಡಿದರು. "ಇಂಥವರನ್ನು ಈ ದೇಶ ಕಳೆದುಕೊಳ್ಳಬಾರದು."

ಅವರು ಹೋದಮೇಲೆ ಅಂಕಲ್ ಪತ್ರವನ್ನು ಎರಡು ಸಲ ಓದಿದರು. "ನಾನು ಸಿಟಿಜನ್ ಆಗಿ ಇಪ್ಪತ್ತು ವರ್ಷ ಆಯ್ತಲ್ಲೇ. ಇದನ್ನೇನು ಮಾಡ್ಲಿ?"

"ಇಡ್ರೀ, ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಕಳ್ಸೋಣ," ಎಂದು ಆಂಟಿ ನಚಿಕೇತನ ಕಡೆ ತಿರುಗಿದರು. "ನೀನೂ ಫ್ಲೈಟ್ ಹತ್ತೋ ಮುಂಚೆ ಅಂಕಲ್ ಹತ್ರ ಕಚ್ಚೆ ಹಾಕೋದು ಕಲ್ತ್ಕೊಂಡ್ಬಿಡೋ."