ನಿಂತದ್ದನ್ನೂ ಲೆಕ್ಕಕ್ಕೆ ಹಿಡಿಯುವ ವಾಚು

ನಡೆದದ್ದನ್ನು ಅಳೆಯಲು ವಾಚು ಕೊಳ್ಳುವವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ನಿಂತದ್ದನ್ನು ಅಳೆಯಲು ವಾಚು ಬೇಕೆಂದು ವಿರಾಜಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದೇನು ಬಂತು, ಜೊತೆಯಲ್ಲೇ ಸುತ್ತಿದ್ದೇನೆ. ಅವರು ನನ್ನ ಸೋದರಮಾವ. ಹೆಸರು ಹೇಳುವುದಿಲ್ಲ. ಹೇಳಿದರೆ ಬಿಟ್ಟಂಗಾಲದ ಕಡೆಯವರೆಲ್ಲ "ಓ, ಅವರಾ" ಎಂದು ಉಳಿದ ಕಥೆಯನ್ನು ತಾವೇ ಮುಗಿಸಿಬಿಟ್ಟಾರು.

ಮಾವ ನಡೆಯಲು ಹೊರಡುತ್ತಾರೆಯೇ ಹೊರತು ನಡೆಯುವುದು ಕಡಿಮೆ. ಹಾಲು ತರಲು ಹೋದರೆ ಮನೆಯಲ್ಲಿ ಎಲ್ಲರೂ ಕಪ್ಪು ಕಾಫಿ ಕುಡಿದು ಮುಗಿಸಿರುತ್ತಾರೆ. ದಾರಿಯಲ್ಲಿ ಜೇಡರ ಬಲೆಯ ಮೇಲೆ ಮಂಜಿನ ಹನಿ ಕೂತಿದ್ದರೆ ಅದು ಆರುವ ತನಕ ನಿಲ್ಲಬೇಡವೇ? ಮರಕುಟಿಗ ಕುಟ್ಟುತ್ತಿದ್ದರೆ ಅದರ ಕೆಲಸ ಮುಗಿಯುವ ತನಕ ಕಾಯಬೇಡವೇ? ಇನ್ನು ಹೂಮಳೆ ಬಿದ್ದು ಕಾಫಿ ಅರಳಿದ ದಿನವಂತೂ ಅವರನ್ನು ಊಟಕ್ಕೆ ಕರೆಯುವುದೂ ದಂಡ. ತೋಟವೆಲ್ಲ ಬೆಳ್ಳಗಾಗಿ, ಪರಿಮಳವೇ ಮಂಜಿನಂತೆ ಗಿಡಗಳ ನಡುವೆ ನಿಂತಿರುವಾಗ ಮಾವನೂ ಅದರೊಳಗೆ ನಿಂತಿರುತ್ತಾರೆ.

"ಎಂತ ನೋಡ್ತಾ ಇದ್ದೀರಿ ಮಾವ?" ಎಂದು ಒಮ್ಮೆ ಕೇಳಿದ್ದೆ.

"ಗೊತ್ತಿಲ್ಲೆ ಮಗಾ. ಇನ್ನೂ ನೋಡಿ ಮುಗೀಲಿಲ್ಲ" ಅಂದರು.

ಇಂಥವರಿಗೆ ಹೋದ ವರ್ಷ ಎದೆನೋವು ಬಂತು. ಡಾಕ್ಟರು ಎರಡು ಅಪ್ಪಣೆ ಕೊಟ್ಟರು. ಬೀಡಿ ಬಿಡಬೇಕು, ದಿನಾ ನಿಲ್ಲದೆ ನಡೆಯಬೇಕು. ಬೀಡಿಯನ್ನು ಮಾವ ಅಂದೇ ಬಿಟ್ಟರು. ಆದರೆ ನಿಲ್ಲುವುದನ್ನು ಬಿಡುವುದೆಂದರೆ ಸಾಮಾನ್ಯವೇ? ಮೊದಲಾದರೆ ಮನೆಯ ಹಿಂದಿನ ಗುಡ್ಡದ ದಾರಿಯಲ್ಲಿ ಅತ್ತೆಯೂ ದಿನಾ ಅವರ ಜೊತೆ ಹೋಗುತ್ತಿದ್ದರು. ಎರಡು ವರ್ಷದ ಕೆಳಗೆ ಅತ್ತೆಯ ಮೊಣಕಾಲು ಮುಷ್ಕರ ಹೂಡಿದ ಮೇಲೆ ಮಾವ ಒಬ್ಬರೇ. ಗುಡ್ಡಕ್ಕೆ ಹೋದ ಗಂಡ ನಡೆಯುತ್ತಿದ್ದಾನೋ, ಯಾವುದೋ ಹಕ್ಕಿಯ ಮುಖ ನೋಡುತ್ತ ನಿಂತಿದ್ದಾನೋ, ಅತ್ತೆಗೆ ತಿಳಿಯುವುದು ಹೇಗೆ?

"ಗುಡ್ಡ ಸಾಕು" ಎಂದು ಒಂದು ದಿನ ಅತ್ತೆ ತೀರ್ಪು ಕೊಟ್ಟರು. "ಮನೆ ಮುಂದೆ ಕಣ ಉಂಟಲ್ಲ? ಕಾಫಿ ಒಣಗಿಸಿ ಮುಗ್ದದೆ. ಅಲ್ಲೇ ಸುತ್ತು ಬನ್ನಿ, ನನ್ನ ಕಣ್ಣೆದುರು."

ಗಾಣದ ಎತ್ತಿನ ಹಾಗೆ ಕಣ ಸುತ್ತುವುದೆಂದರೆ ಮಾವನಿಗೆ ಎದೆನೋವಿಗಿಂತ ದೊಡ್ಡ ನೋವು. ಅವರ ಮುಖ ನೋಡಲಾಗದೆ, ವಿರಾಜಪೇಟೆಯಲ್ಲಿ ಟೀಚರಮ್ಮನಾಗಿದ್ದುಕೊಂಡು ರಜೆ ಸಿಕ್ಕಾಗೆಲ್ಲ ಮಾವನ ಮನೆಗೆ ಓಡುವ ನಾನೇ ನಡುವೆ ಬಾಯಿ ಹಾಕಿದೆ. ಜಿಪಿಎಸ್ ವಾಚು ಅಂತ ಉಂಟು, ಕಟ್ಟಿಕೊಂಡು ನಡೆದರೆ ಎಲ್ಲೆಲ್ಲಿ ಹೋದಿರೋ ಅಲ್ಲೆಲ್ಲ ಫೋನಿನ ನಕ್ಷೆಯಲ್ಲಿ ಗೆರೆ ಎಳೆದು ತೋರಿಸುತ್ತದೆ ಎಂದೆ. ಅತ್ತೆ ಯೋಚಿಸಿದರು. "ಗೆರೆ ನೆಟ್ಟಗಿದ್ರೆ ಗುಡ್ಡ. ಸೊಟ್ಟಗಿದ್ರೆ ಕಣ."

ಹೀಗೆ ನಾವು ವಾಚಿನ ಬೇಟೆಗೆ ಹೊರಟೆವು. ಮಾವನ ವ್ಯಾಪಾರಕ್ಕೆ ಒಂದು ಕ್ರಮ ಇದೆ. ವಿಚಾರಿಸುವುದು ಕನ್ನಡದಲ್ಲಿ, ಚೌಕಾಸಿ ಮಲೆಯಾಳದಲ್ಲಿ, ಏನೂ ಕೊಳ್ಳದೆ ಹೊರಗೆ ಬರುವುದು ಮನೆಮಾತಾದ ಅರೆಭಾಷೆಯಲ್ಲಿ. ಮೂರು ಅಂಗಡಿಗಳಿಂದ ಹಾಗೆಯೇ ಹೊರಗೆ ಬಂದೆವು. ನಾಲ್ಕನೆಯದರಲ್ಲಿ ಅಂಗಡಿಯಾತ ಒಂದು ವಾಚನ್ನು ಮಾವನ ಕೈಗೆ ಕಟ್ಟಿಯೇಬಿಟ್ಟ.

"ಇದರಲ್ಲಿ ಓಡೋದು, ಈಜೋದು, ಸೈಕಲ್ಲು, ಎಲ್ಲ ಉಂಟು ಅಂಕಲ್."

"ನಾನು ಈಜೋದಿಲ್ಲ. ತೋಟದ ಸಿಲ್ವರ್ ಮರದ ಅಡಿಯಲ್ಲಿ ಸಿಗ್ನಲ್ಲು ಹಿಡೀತದಾ ಹೇಳು."

"ಹಿಡೀತದೆ. ಮತ್ತೆ ಭಾರೀ ಬುದ್ಧಿ ಇದಕ್ಕೆ. ನೀವು ನಿಂತ್ರೆ ಇದೂ ನಿಲ್ತದೆ. ನಡೆದದ್ದು ಮಾತ್ರ ಲೆಕ್ಕ."

ಮಾವ ಅದನ್ನು ಜಿಗಣೆ ಕಿತ್ತ ಹಾಗೆ ಕಿತ್ತು ಮೇಜಿನ ಮೇಲಿಟ್ಟರು. "ನಿಂತದ್ದು ಯಾಕೆ ಲೆಕ್ಕ ಇಲ್ಲ?"

"ನಿಂತ್ರೆ ಅದು ವಾಕಿಂಗ್ ಅಲ್ಲವಲ್ಲ ಅಂಕಲ್."

"ನನ್ನ ವಾಕಿಂಗಲ್ಲಿ ಅದೂ ಸೇರ್ತದೆ. ಸೇರಿಸುವಂಥದ್ದು ಇದ್ರೆ ಕೊಡು."

ಅಂಗಡಿಯಾತ ನನ್ನ ಮುಖ ನೋಡಿದ. ನಾನು ಗಡಿಯಾರಗಳ ಮುಖ ನೋಡಿದೆ. ಬೆಲೆ ಹೆಚ್ಚಿನವಕ್ಕೆಲ್ಲ ಆ ಹಾಳು ಬುದ್ಧಿ ಇತ್ತು. ಕೊನೆಗೆ ಕಪಾಟಿನ ಮೂಲೆಯಿಂದ, ಬಿಸಿಲಿಗೆ ಬಣ್ಣ ಹೋದ ಡಬ್ಬಿಯೊಂದು ಹೊರಬಂತು. "ಹಳೇ ಮಾಡೆಲ್ಲು. ಬುದ್ಧಿ ಕಮ್ಮಿ ಅಂಕಲ್. ನೀವು ನಿಂತ್ರೂ ಓಡ್ತಾನೇ ಇರ್ತದೆ." ಬುದ್ಧಿಯ ಹಾಗೆ ಬೆಲೆಯೂ ಕಮ್ಮಿ ಇತ್ತು. ಮಾವ ಮಲೆಯಾಳಕ್ಕೆ ಇಳಿಯದೆ, ಕನ್ನಡದಲ್ಲೇ ಕೊಂಡುಕೊಂಡರು.

ಬುದ್ಧಿ ಕಮ್ಮಿಯ ವಾಚು ಬಂದ ಮೇಲೆ ಮನೆಯಲ್ಲಿ ಮನರಂಜನೆಗೆ ಬರವಿರಲಿಲ್ಲ. ಪಾಲಿಬೆಟ್ಟದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಗೆಳೆಯನನ್ನು ನೋಡಲು ಜೀಪಿನಲ್ಲಿ ಹೋದವರು ಅದನ್ನು ಬಂದ್ ಮಾಡಲು ಮರೆತರು. ಇಷ್ಟು ವೇಗವಾಗಿ ನೀವು ಯಾವತ್ತೂ ಓಡಿರಲಿಲ್ಲ ಎಂದು ಫೋನು ಶಹಬ್ಬಾಸ್ ಹೇಳಿತು. "ಒಳ್ಳೇದಾಯ್ತು" ಅಂದರು ಅತ್ತೆ. "ಇನ್ನು ಜೀಪಿಗೆ ಹಾರ್ಟಿನ ತೊಂದ್ರೆ ಬರುದಿಲ್ಲೆ." ಇನ್ನೊಮ್ಮೆ ನೆಂಟರ ಮದುವೆ ಮನೆಯಲ್ಲಿ, ಕೂತು ಬಹಳ ಹೊತ್ತಾಯಿತು, ಏಳಿ ಎಂದು ವಾಚು ಕೈಯಲ್ಲಿ ನಡುಗಿತು. ಮಾವ ವಿಧೇಯರಾಗಿ ಎದ್ದರು, ನೇರವಾಗಿ ಕಡುಬು ಮತ್ತು ಹಂದಿ ಸಾರಿನ ಕಡೆಗೆ ಹೋದರು. ಅತ್ತೆ ಕಣ್ಣು ಕೆಕ್ಕರಿಸಿದಾಗ, "ಎಬ್ಬಿಸಿದ್ದು ಅದು, ನಾನಲ್ಲ" ಎಂದು ಕೈ ಎತ್ತಿ ತೋರಿಸಿದರು.

ಅತ್ತೆ ಮಾತ್ರ ಗೆರೆಯನ್ನು ಬಿಡಲಿಲ್ಲ. ಬೆಳಗಿನ ಕಾಫಿ ಲೋಟದ ಪಕ್ಕದಲ್ಲಿ ಫೋನಿಟ್ಟುಕೊಂಡು ದಿನಾ ಪರೀಕ್ಷೆ. ಗೆರೆ ಮನೆಯಿಂದ ಹೊರಟು, ತೋಟ ದಾಟಿ, ಗುಡ್ಡ ಹತ್ತುವ ತನಕ ಆಶ್ಚರ್ಯಪಡುವಷ್ಟು ನೆಟ್ಟಗಿರುತ್ತಿತ್ತು. ಗುಡ್ಡದ ನೆತ್ತಿಯಲ್ಲಿ ಮಾತ್ರ, ಬೆಕ್ಕಿನ ಮರಿ ಆಡಿದ ಉಲ್ಲನ್ನಿನ ಹಾಗೆ ಒಂದು ಗಂಟು. ಆಮೇಲೆ ಮತ್ತೆ ನೆಟ್ಟಗೆ ಇಳಿದು ಮನೆಗೆ. ಯಾವ ದಿನ ನೋಡಿದರೂ ಗಂಟು ಅದೇ ಜಾಗದಲ್ಲಿ.

"ಇದೆಂತ ಇದು?" ಅತ್ತೆ ನನ್ನನ್ನು ಕೇಳಿದರು.

ಒಬ್ಬರು ಒಂದೇ ಕಡೆ ತುಂಬ ಹೊತ್ತು ನಿಂತರೆ, ಮರಗಳ ನಡುವೆ ಸಿಗ್ನಲ್ಲು ಅತ್ತಿತ್ತ ಓಲಾಡುತ್ತದೆ, ಇವರು ಅಲ್ಲೇ ಸುಳಿದಾಡುತ್ತಿದ್ದಾರೆ ಎಂದುಕೊಂಡು ವಾಚು ಗೀಚುತ್ತದೆ ಎಂದು ವಿವರಿಸಿದೆ. ವಿವರಿಸಬಾರದಿತ್ತು.

"ಅಂದ್ರೆ ಅಲ್ಲಿ ನಿಲ್ತಾರೆ. ನಿಂತು ಬೀಡಿ ಎಳೀತಾರೆ" ಅಂದರು ಅತ್ತೆ. ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. "ನಾಳೆ ನೀನು ಹಿಂದಿಂದ ಹೋಗು. ಬೀಡಿ ಹೌದಾದ್ರೆ ಗುಡ್ಡ ಮುಗೀತು."

ಮರುದಿನ ಬೆಳಗ್ಗೆ ನಾನು ಪತ್ತೇದಾರಿಣಿಯಾಗಿ ಹೊರಟೆ. ಹೂಮಳೆ ಬಿದ್ದು ಕಾಫಿ ಅರಳಿತ್ತು. ಮಂಜು ಯಾವುದು, ಹೂವು ಯಾವುದು ತಿಳಿಯುತ್ತಿರಲಿಲ್ಲ. ನನಗೇ ನಿದ್ದೆಯಲ್ಲಿ ನಡೆದ ಹಾಗಾಗುತ್ತಿತ್ತು. ಆದರೆ ಮಾವ? ಹೂವಿಗೆ ನಿಲ್ಲಲಿಲ್ಲ, ಬಲೆಗೆ ನಿಲ್ಲಲಿಲ್ಲ, ಮರಕುಟಿಗ ಕುಟ್ಟಿದ್ದೇ ಕುಟ್ಟಿದ್ದು, ತಲೆ ಎತ್ತಲಿಲ್ಲ. ಡಾಕ್ಟರು ಕಂಡಿದ್ದರೆ ಆನಂದಬಾಷ್ಪ ಸುರಿಸುತ್ತಿದ್ದರು. ಜೀವಮಾನದ ಅಭ್ಯಾಸವನ್ನೆಲ್ಲ ಅದುಮಿಕೊಂಡು ಅವರು ನೆತ್ತಿಗೆ ಹೋಗಿ, ಹಲಸಿನ ಮರದ ಅಡಿಯ ಚಪ್ಪಟೆ ಕಲ್ಲಿನ ಪಕ್ಕದಲ್ಲಿ ನಿಂತರು. ಕೈಯಲ್ಲಿ ಬೀಡಿ ಇರಲಿಲ್ಲ. ಮಂಜು ಹರಿದಲ್ಲೆಲ್ಲ ದೂರದ ಬೆಟ್ಟಗಳು ನೀಲಿಯಾಗಿ ಕಾಣುತ್ತಿದ್ದವು. ಅವನ್ನು ನೋಡುತ್ತ ಸುಮ್ಮನೆ ನಿಂತಿದ್ದರು. ಕಾದು ಕಾದು ನಾನೇ ಗಿಡದ ಮರೆಯಿಂದ ಹೊರಗೆ ಬಂದೆ.

"ಮಾವ, ನಿಲ್ಲೋದು ಯಾಕೆ? ಕಲ್ಲುಂಟಲ್ಲ, ಕೂತ್ಕೊಳ್ಳಿ."

"ಅದು ನಿನ್ನ ಅತ್ತೆಯ ಜಾಗ" ಅಂದರು, ನಾನು ಎಲ್ಲಿಂದ ಬಂದೆ ಎಂದೂ ಕೇಳದೆ. "ಇಲ್ಲಿಗೆ ಬರುವಾಗ ಅವಳಿಗೆ ಸುಸ್ತಾಗ್ತಿತ್ತು. ಕೂತು ಸುಧಾರಿಸ್ಕೊಳ್ತಿದ್ಲು. ಅವಳು ಏಳುವವರೆಗೆ ನಾನು ಇಲ್ಲಿ ನಿಲ್ತಿದ್ದೆ. ಈಗಲೂ ಅಷ್ಟು ಹೊತ್ತು ನಿಲ್ತೇನೆ. ಇಲ್ಲದಿದ್ರೆ ಅವಳನ್ನು ಬಿಟ್ಟು ಮುಂದೆ ಹೋದ ಹಾಗೆ ಆಗ್ತದೆ ಮಗಾ. ಇದು ವಾಕಿಂಗ್ ಅಲ್ಲ ಅಂತ ಆ ಅಂಗಡಿಯವ ಹೇಳಿದ್ರೆ ನಾನು ಹೇಗೆ ಒಪ್ಪೋದು?"

ಅಷ್ಟು ಹೊತ್ತು ಮುಗಿದ ಮೇಲೆ ಇಬ್ಬರೂ ಗುಡ್ಡ ಇಳಿದೆವು.

ಮನೆಗೆ ಬಂದು, ಒಳಗೆ ಕರಿಮೆಣಸು ಆರಿಸುತ್ತ ಕೂತಿದ್ದ ಅತ್ತೆಗೆ ಎಲ್ಲ ಹೇಳಿದೆ. ಅತ್ತೆಯ ಕೈ ನಿಂತಿತು. ಆಮೇಲೆ ನಕ್ಕರು.

"ನಂಗೆಂತ ಸುಸ್ತು? ಆ ಕಾಲದಲ್ಲಿ ಆ ಗುಡ್ಡ ನಾನು ಓಡಿ ಹತ್ತುತ್ತಿದ್ದೆ. ಅಲ್ಲಿಗೆ ಮುಟ್ಟಿದ ಕೂಡಲೇ ಇವ್ರು ಬೆಟ್ಟ ನೋಡ್ತಾ ನಿಂತುಬಿಡ್ತಿದ್ರು. ಪಾಪ, ನೋಡಿ ಮುಗೀಲಿ ಅಂತ ಸುಸ್ತು ಅಂತ ಹೇಳಿ ಕೂರ್ತಿದ್ದೆ." ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಇದನ್ನು ಅವ್ರಿಗೆ ಹೇಳ್ಬೇಡ. ಗುಡ್ಡದ ಹಿಂದಿನ ರಸ್ತೆಯಲ್ಲಿ ಜೀಪು ಎಲ್ಲಿವರೆಗೆ ಹೋಗ್ತದೆ?"

ಕಲ್ಲಿನ ಹತ್ತಿರದವರೆಗೇ ಹೋಗುತ್ತದೆ. ಮಾರನೆಯ ಬೆಳಗ್ಗೆ ಮಾವ ಆ ಕಡೆ ಗುಡ್ಡ ಹತ್ತುತ್ತಿರುವಾಗ ನಾನು ಈ ಕಡೆಯಿಂದ ಅತ್ತೆಯನ್ನು ಕರೆದುಕೊಂಡು ಹೋದೆ. ನನ್ನ ಭುಜ ಹಿಡಿದು ನಾಲ್ಕು ಹೆಜ್ಜೆ ನಡೆದು ಕಲ್ಲಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಮಾವ ಬಂದರು. ಹೆಂಡತಿಯನ್ನು ನೋಡಿದರು, ಕೆಳಗೆ ನಿಂತಿದ್ದ ಜೀಪನ್ನೂ ನೋಡಿದರು. ಕಲ್ಲಿನ ಪಕ್ಕ ತಮ್ಮ ಜಾಗದಲ್ಲಿ ಬಂದು ನಿಂತರು.

"ಸುಸ್ತಾಯ್ತಾ?" ಎಂದು ಕೇಳಿದರು.

"ಹೌದು" ಅಂದರು ಅತ್ತೆ. "ಸ್ವಲ್ಪ ಕೂರ್ತೇನೆ."

ಮಾವ ಬೆಟ್ಟದ ಕಡೆ ತಿರುಗಿದರು. ಅವರ ಕೈಯಲ್ಲಿ ಆ ಬುದ್ಧಿ ಕಮ್ಮಿಯ ವಾಚು ಓಡುತ್ತಲೇ ಇತ್ತು.